ಪ್ಯಾಂಟು ತೊಟ್ಟ ಕ್ರೋಟನ್

ಚಳಿ ದೇಶಗಳಲ್ಲಿ ಹಾಸ್ಟಾ ಎಂಬ ಎಲೆಗಿಡದ ಹುಚ್ಚಿನವರು ಶನಿವಾರ, ಭಾನುವಾರ ಒಂದೆಡೆ ಸೇರಿ ಒಬ್ಬರ ತೋಟ ಒಬ್ಬರು ನೋಡುತ್ತಾ ತಿರುಗುತ್ತಾರೆಂದು ಫೋನಿನಲ್ಲಿ ಕಂಡ ದಿನವೇ ನಮಗೂ ಆ ರೋಗ ಅಂಟಿತು. ರಾಯದುರ್ಗದ ಬಿಸಿಲಿಗೆ ಹಾಸ್ಟಾ ಮಧ್ಯಾಹ್ನದವರೆಗೂ ಉಳಿಯುವುದಿಲ್ಲ. ಹಾಗಾಗಿ ನಮ್ಮದು ಬಿಸಿಲು ತಾಳುವ ಬಣ್ಣದೆಲೆಯ ಕ್ರೋಟನ್ ಬಳಗ. ಹೆಚ್ಚಿನವರು ಜೀನ್ಸ್ ಹೊಲಿಯುವ ಯೂನಿಟ್ಟುಗಳವರು. ಶನಿವಾರ ನಮ್ಮೂರಿನ ಹಿತ್ತಿಲುಗಳು, ಭಾನುವಾರ ವ್ಯಾನಿನಲ್ಲಿ ಮಡಕಶಿರ ಎಂದು ನಿಗದಿಯಾಯಿತು.

ನಾನು ಚೆಕಿಂಗ್ ಟೇಬಲ್ಲಿನವನು. ದಿನವಿಡೀ ಪ್ಯಾಂಟು ತಿರುಗಿಸಿ ತಪ್ಪು ಹುಡುಕುವುದು ಸಂಬಳದ ಕೆಲಸ. ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತೇನೆಂದು ಹೆಂಡತಿಯ ದೂರು. ಈ ವರ್ಷ ನನ್ನ ಹಿತ್ತಿಲಿನ ಸಾಧಾರಣ ಹಸಿರು ಕ್ರೋಟನ್ನಿನ ಒಂದೇ ಒಂದು ಕೊಂಬೆ ಇದ್ದಕ್ಕಿದ್ದಂತೆ ಬಣ್ಣ ಬದಲಿಸಿತ್ತು. ಕೆನೆಬಿಳಿ ಎಲೆ, ಹಸಿರು ನರ, ಅಂಚಿಗೆ ಗುಲಾಬಿ ಗೆರೆ. ಯಾವ ನರ್ಸರಿಯಲ್ಲೂ ಅಂಥದ್ದನ್ನು ನಾನು ಕಂಡಿರಲಿಲ್ಲ. ಆ ಕೊಂಬೆ ಹೋದರೆ ಆ ಬಣ್ಣವೇ ಹೋದಂತೆ. ಮಳೆ ಹಿಡಿದ ಮೇಲೆ ಅದರಿಂದ ಸಸಿ ಮಾಡಬೇಕೆಂದಿದ್ದೆ.

ಏಣಿ ಕೇಳಲು ಬಂದ, ಬಳಗದವರೇ ಆದ, ನಮ್ಮ ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರರ ಕಣ್ಣಿಗೆ ಅದು ಬಿತ್ತು.

"ಒಂದು ತುದಿ ಕೊಡ್ರಲ್ಲ."

"ಅದಕ್ಕ ರೋಗ ಬಂದೈತ್ರಿ," ಎಂದೆ.

"ರೋಗ ಭಾಳ ಚೆಂದ ಐತ್ರಿ," ಎಂದು ಏಣಿ ಹೊತ್ತು ಹೋದರು.

ಆಮೇಲೆ ನನಗೆ ನೆಮ್ಮದಿ ಎಲ್ಲಿಯದು? ಶನಿವಾರ ತೋಟ ನೋಡಲು ಬರುವವರೆಲ್ಲರ ಜೇಬಿನಲ್ಲೂ ದಾರ ಕತ್ತರಿಸುವ ಪುಟ್ಟ ಕತ್ತರಿ ಇದ್ದೇ ಇರುತ್ತದೆ. ಶುಕ್ರವಾರ ಸಂಜೆ ಜೀನ್ಸಿಗೆ ಮಾಸಲು ಬಣ್ಣ ತರುವ ವಾಷಿಂಗ್ ಯೂನಿಟ್ಟಿನವರು ಬೇಡವೆಂದು ಎಸೆದಿದ್ದ ಪ್ಯಾಂಟೊಂದರ ಕಾಲು ಕತ್ತರಿಸಿ ತಂದು ಕೊಂಬೆಗೆ ತೊಡಿಸಿದೆ. ಎಲೆ ಬಾಡದಿರಲೆಂದು ನೀರನ್ನೂ ಚಿಮುಕಿಸಿದೆ. ಬುದ್ಧಿವಂತಿಕೆಗೆ ನನಗೆ ನಾನೇ ಭೇಷ್ ಅಂದುಕೊಂಡೆ.

ಶನಿವಾರ ಬಂದವರೆಲ್ಲ ಮೂವತ್ತು ಕುಂಡ ಬಿಟ್ಟು ನೇರ ಅಲ್ಲಿಗೇ ಹೋದರು.

"ಏನ್ರೀ, ಗಿಡಕ್ಕ ಪ್ಯಾಂಟ್ ಹಾಕೀರಿ?"

"ಒಂದ ಕಾಲ್ ಹಾಕ್ಯಾರ. ಇನ್ನೊಂದು ಚೆಕಿಂಗಿನ್ಯಾಗ ಫೇಲ್ ಆಗಿರಬೇಕು!"

ಹೆಂಡತಿ ಮಂಡಕ್ಕಿಗೆ ಒಗ್ಗರಣೆ ಕೊಡುವಷ್ಟು ಹೊತ್ತೂ ನಾನು ಬಂದವರ ಕೈಗಳನ್ನೇ ನೋಡುತ್ತಿದ್ದೆ. ಆದರೆ ತಟ್ಟೆ ತರಲು ಒಳಗೆ ಹೋಗಲೇಬೇಕಾಯಿತು. ಅವರೆಲ್ಲ ಹೋದ ಮೇಲೆ ಪ್ಯಾಂಟಿನ ಬಾಯಿಂದ ಬೆರಳಿಳಿಸಿ ತಡವಿದೆ. ತುದಿ ಇರಲಿಲ್ಲ!

ಬಗ್ಗಿ ನೋಡಿದೆ. ಪುಟ್ಟ ಕತ್ತರಿಯಾದರೆ ಕಡ್ಡಿಯನ್ನು ಜಗಿದು ಬಿಡುತ್ತದೆ. ಇದು ಒಂದೇ ಏಟಿನ ನುಣುಪಾದ ಓರೆ ಕೊಯ್ತ. ಅಷ್ಟು ಸ್ವಚ್ಛವಾಗಿ ಕತ್ತರಿಸುವ ಕೈ ನಮ್ಮಲ್ಲಿ ಒಂದೇ, ಮಾಸ್ಟರರದು. ಉಳಿದ ಕೊಂಬೆಯೂ ಹೋದೀತೆಂದು ಪ್ಯಾಂಟಿನ ಬಾಯಿ ಬಿಗಿದು ಕಟ್ಟಿ, ಮತ್ತೊಂದು ಚೊಂಬು ನೀರು ಹಾಕಿದೆ.

ಭಾನುವಾರ ವ್ಯಾನಿನಲ್ಲಿ ಮಾಸ್ಟರರ ಪಕ್ಕದಲ್ಲೇ ಕೂತೆ. ಅವರು ದಾರಿಯುದ್ದಕ್ಕೂ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಮಡಕಶಿರದಲ್ಲಿ ನಮ್ಮನ್ನು ಕರೆದಿದ್ದಾಕೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹತ್ತಾರು ವರ್ಷ ಕಾಲರು ಹೊಲಿದು ಊರಿಗೆ ಮರಳಿದವರು. ಅಂಗಳದ ತುಂಬ ಕ್ರೋಟನ್ನು. ಎಲ್ಲರೂ ಹಳದಿ ಚುಕ್ಕೆಯ ಎಲೆ ಹೊಗಳುತ್ತಿರುವಾಗ ನಾನು ಜಗಲಿಗೆ ಬಂದು, ಮಾಸ್ಟರರು ಅಲ್ಲಿ ಇಟ್ಟುಹೋಗಿದ್ದ ಚೀಲದೊಳಗೆ ಕೈ ಹಾಕಿದೆ. ಒದ್ದೆ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಎರಡು ಸೌತೆಕಾಯಿ.

"ಅಣ್ಣಯ್ಯ, ಆ ಚೀಲ ನಿಮ್ದಲ್ಲ ಕಣಣ್ಣ," ಎಂದರು ಆಕೆ, ಹಿಂದಿನಿಂದ.

"ನೀರಿನ ಬಾಟ್ಲಿ ನೋಡ್ತಿದ್ದೆ."

"ನೀರು ಕೇಳುದ್ರೆ ನಾನೇ ಕೊಡ್ತಿರ್ಲಿಲ್ವ? ಬೆಂಗ್ಳೂರಲ್ಲಿ ಫ್ಯಾಕ್ಟ್ರಿ ಗೇಟ್ನಾಗೆ ದಿನಾ ನಮ್ ಚೀಲ ಹಿಂಗೇ ತಡಕೋರು ಬಿಡಿ." ಆಕೆ ನಗಲಿಲ್ಲ. ಚೊಂಬಿನಲ್ಲಿ ನೀರು ತಂದು ಮುಂದೆ ಇಟ್ಟರು. ಬಾಯಾರಿಕೆ ಇಲ್ಲದಿದ್ದರೂ ಪೂರ್ತಿ ಕುಡಿದೆ.

ಸಂಜೆ ಮನೆಗೆ ಬಂದವನೇ ಹಿತ್ತಿಲಿಗೆ ಹೋಗಿ ಕೊಂಬೆಯ ಪ್ಯಾಂಟು ಬಿಚ್ಚಿದೆ. ಎಲೆಗಳು ಕೈಗೇ ಉದುರಿದವು. ಉಳಿದ ಕಡ್ಡಿ ಬುಡದವರೆಗೂ ಕಪ್ಪಗಾಗಿತ್ತು. ಹೆಂಡತಿ ಬಟ್ಟೆ ಮೂಸಿ, ಮುಖ ಕಿವುಚಿದಳು.

"ಇದನ್ನ ಬ್ಲೀಚ್‌ನ್ಯಾಗ ಅದ್ದ್ಯಾರಲ್ರೀ. ತೊಳೀದ ತಂದು ಸುತ್ತೀರಿ? ಮ್ಯಾಲ ನೀರ್ ಬ್ಯಾರೆ!"

ಇಪ್ಪತ್ತು ವರ್ಷ ಅದೇ ವಾಸನೆಯ ನಡುವೆ ಕೂತವನ ಮೂಗಿಗೆ ಅದು ಗೊತ್ತಾಗಿರಲಿಲ್ಲ. ಈಗ ಆ ಬಣ್ಣ ಭೂಮಿಯ ಮೇಲೆ ಉಳಿದಿದ್ದರೆ ಕಳ್ಳನ ಹತ್ತಿರ ಮಾತ್ರ. ಎರಡು ದಿನ ಮಾಸ್ಟರರೇ ಕದ್ದಿರಬೇಕೆಂದು ಕುದಿದವನು, ಅವರೇ ಕದ್ದಿರಲಪ್ಪಾ ಎಂದುಕೊಳ್ಳುತ್ತಾ ಅವರ ಬೀದಿಗೆ ಓಡಿದೆ.

ಅವರ ಮನೆಯ ಕಿಟಕಿಯಲ್ಲಿ, ಗಾಜಿನ ಲೋಟದ ನೀರಿನಲ್ಲಿ, ಆ ತುದಿ ನಿಂತಿತ್ತು. ನಾಲ್ಕು ಎಲೆ. ನಾನು ನಡೆದದ್ದೆಲ್ಲ ಹೇಳಿದೆ, ಸೌತೆಕಾಯಿಯ ಸಮೇತ.

"ನಾ ಕೇಳಿದ್ರ ನೀವು ಕೊಡಲಿಲ್ಲ, ಚಲೋ ಆತು ನೋಡ್ರಿ," ಎಂದರು ಮಾಸ್ಟರು. "ಕೇಳಿ ತಂದ ಕಡ್ಡಿ ಬೇರ್ ಹಿಡಿದು ಹತ್ತಂಗಿಲ್ಲ. ಕದ್ದಿದ್ದ ಹತ್ತೋದು. ನಮ್ಮವ್ವನೂ ಹಂಗ ತರ್ತಿದ್ಲು."

"ಹಂಗಾದ್ರ ನನಗ?"

"ಬೇರು ಬಿಡ್ಲಿ, ಕುಂಡಕ್ಕ ಹಾಕ್ತೀನಿ. ಕೊಂಬೆ ಒಡೆದ ಮ್ಯಾಲ ನಾನು ಮನ್ಯಾಗ ಇಲ್ಲದಾಗ ಬರ್ರಿ."

"ಯಾವಾಗ ಇರಂಗಿಲ್ಲ?"

"ಅದನ್ನ ಹೇಳಿದ್ರ ಕೊಟ್ಟಂಗ ಆಗ್ತದಲ್ರೀ!"

ಅಂದಿನಿಂದ ಕೆಲಸಕ್ಕೆ ಹೋಗುವಾಗ ಆ ಬೀದಿಯಿಂದಲೇ ಹೋಗುತ್ತಿದ್ದೇನೆ. ಎಲೆ ಆರಾಗಿದೆ. ಲೋಟದ ನೀರನ್ನು ದಿನಾ ಬದಲಿಸುತ್ತಾರೋ ಇಲ್ಲವೋ ಎಂಬ ಅನುಮಾನ ಮಾತ್ರ ಬಿಟ್ಟಿಲ್ಲ.