ಡಾಕ್ಟರ ಮೊದಲ ಪ್ರಶ್ನೆ

ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಾಗ ನಮ್ಮ ಮನೆಯಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ಖಾಸಬಾಗದ ಮಿಠಾಯಿ ಅಂಗಡಿಯ ಹಿಂದೆ ಕುಂದಾಕ್ಕೆ ಹಾಲು ಕಾಯಿಸುತ್ತಿದ್ದ ಅಪ್ಪ, ಕೈಯಾಡಿಸುವುದನ್ನು ನಿಲ್ಲಿಸದೆ, "ಸಗಣಿ ನಾರೂ ಹುಡುಗೀನ ಯಾರ ಮಾಡ್ಕೋತಾರ?" ಎಂದರು. ನನಗೂ ಖಾತ್ರಿಯಿರಲಿಲ್ಲ. ದನದ ಮೈ ಮುಟ್ಟಿದವಳೇ ಅಲ್ಲ ನಾನು. ಖಾನಾಪುರದಲ್ಲಿ ಎಮ್ಮೆ ಸಾಕಿರುವ ಸೋದರತ್ತೆಯ ಮನೆಯಲ್ಲಿ ಇದ್ದು ನೋಡಿ ಬಂದು ಹೇಳು ಎಂದು ರೈಲು ಹತ್ತಿಸಿದರು. ಹೊಲಸು ಕಂಡರೆ ತಾನೇ ವಾಪಸು ಬರುತ್ತಾಳೆ ಎಂಬುದು ಅವರ ಲೆಕ್ಕ.

ಹೊಲಸಿಗೆ ನಾನು ಹೆದರಲಿಲ್ಲ. ಅತ್ತೆಯ ಕೊಟ್ಟಿಗೆಯಲ್ಲಿ ಆಗಷ್ಟೇ ಹುಟ್ಟಿದ ಎಮ್ಮೆಗರು ಒಂದಿತ್ತು. ಹಿಂಡುವ ಮುಂಚೆ ಅತ್ತೆ ಅದನ್ನು ಬಿಚ್ಚುವರು. ಅದು ಬಾಯಿ ಹಾಕಿ, ಎಮ್ಮೆ ಹಾಲಿಳಿಸಿದ ಕೂಡಲೇ ಎಳೆದು ಗೂಟಕ್ಕೆ ಕಟ್ಟುವರು. ಹಾಲೆಲ್ಲ ಅಪ್ಪನ ಕಡಾಯಿಗೆ. ಒಂದು ದೊಡ್ಡ ಲೋಟ ಮಾತ್ರ ನನಗೆ, ಮೇಲೆ ಕೆನೆ ಹಾಕಿ. "ಕುಡಿಯವ್ವಾ, ಎಷ್ಟ ಸೊರಗೀದಿ" ಎಂದು ತಲೆ ಸವರುವರು. ಅಷ್ಟು ಅಕ್ಕರೆಯ ಹೆಂಗಸು ನಮ್ಮ ಬಳಗದಲ್ಲಿ ಇನ್ನೊಬ್ಬರಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕರುವಿಗೆ ಬೇದಿ ಹತ್ತಿತು. ಕತ್ತೆತ್ತಲಾರದೆ ಮಲಗಿಬಿಟ್ಟಿತು. ನಾನು ಊಟ ಬಿಟ್ಟು ಹಟ ಹಿಡಿದೆ. ಅತ್ತೆ ಗೊಣಗುತ್ತಲೇ ದನದ ಡಾಕ್ಟರನ್ನು ಕರೆಸಿದರು. ನಗುಮುಖದ ಮನುಷ್ಯ. ಬೈಕ್ ನಿಲ್ಲಿಸಿ, ಚೀಲದ ಜಿಪ್ ಎಳೆಯುತ್ತ, ಕರುವಿನ ಕಡೆ ಕಣ್ಣು ಹಾಯಿಸುವ ಮೊದಲೇ ಕೇಳಿದರು.

"ಹೆಣ್ಣೋ ಗಂಡೋ, ಅಕ್ಕಾರ?"

"ಗಂಡರೀ."

ಅವರು ಜಿಪ್ ಮತ್ತೆ ಮುಚ್ಚಿದರು. "ಮತ್ತ್ಯಾಕ ಕರಿಸೀರಿ?"

"ಈ ಹುಡುಗಿ ಅಳಾಕ ಹತ್ತಿತ್ತು. ನಾಳೆ ಡಾಕ್ಟರ ಆಗಾಕಿರೀ ಇಕಿ."

ಡಾಕ್ಟರು ನಕ್ಕರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಮುಂದಿನ ಸಲ ಎಮ್ಮೆ ಬೆದೆಗೆ ಬಂದಾಗಲೇ ಹೇಳಿಕಳಿಸಬೇಕು, "ಹೆಣ್ಣ ಕರಾನ ಹುಟ್ಟೂ ಹಂಗ ಸೂಜಿ ಬಂದೈತ್ರಿ" ಎಂದು ಅತ್ತೆಗೆ ತಿಳಿಹೇಳಿದರು. ಅತ್ತೆಗೆ ಬಹಳ ಖುಷಿಯಾಯಿತು. ಕರು ಅಲ್ಲೇ, ಅವರ ಕಾಲ ಬಳಿ, ನೊಣ ಮುತ್ತಿಸಿಕೊಂಡು ಮಲಗಿತ್ತು.

ಆ ಪ್ರಶ್ನೆ ನನಗೆ ಹೊಸದಲ್ಲ. ನಾನು ಹುಟ್ಟಿದಾಗ ಅಜ್ಜಿ, ಈ ಅತ್ತೆಯ ತಾಯಿ, ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸನ್ನು ಅದನ್ನೇ ಕೇಳಿದ್ದರಂತೆ. ಉತ್ತರ ಕೇಳಿ, ನನ್ನ ಮುಖವನ್ನೂ ನೋಡದೆ, ಹಂಚಲು ತಂದಿದ್ದ ಕುಂದಾದ ಡಬ್ಬಿ ಎತ್ತಿಕೊಂಡು ಮನೆಗೆ ನಡೆದರಂತೆ. ನಮ್ಮಲ್ಲಿ ಇದನ್ನು ಹಬ್ಬದ ಊಟಕ್ಕೆ ಕೂತಾಗ ನಗುತ್ತ ಹೇಳುತ್ತಾರೆ. ನಾನೂ ನಗಬೇಕು.

ಮರುದಿನ ಕರು ಸತ್ತಿತು. ಅತ್ತೆ ಅದರ ಚರ್ಮ ಸುಲಿಸಿ, ಉಪ್ಪು ಹಚ್ಚಿಸಿ ಒಣಗಿಸಿದರು. ನಾಲ್ಕು ದಿನ ಬಿಟ್ಟು ಒಳಗೆ ಹುಲ್ಲು ತುಂಬಿಸಿ ಹೊಲಿಸಿ, ಎಮ್ಮೆಯ ಮೂಗಿನ ಮುಂದೆ ತಂದು ನಿಲ್ಲಿಸಿದರು. ಎಮ್ಮೆ ಮೂಸಿತು. ಆಮೇಲೆ ನೆಕ್ಕತೊಡಗಿತು. ನೆಕ್ಕುತ್ತಲೇ ಹಾಲಿಳಿಸಿತು.

"ಇದ ಚಲೋ. ಕುಡಿಯೂದಿಲ್ಲ" ಎಂದರು ಅತ್ತೆ, ನನ್ನ ಲೋಟ ತುಂಬಿಸುತ್ತ.

ಅಂದು ಸಂಜೆಯೇ ಅಪ್ಪನಿಗೆ ಫೋನ್ ಮಾಡಿ, ಕಾಲೇಜಿಗೆ ಸೇರುತ್ತೇನೆ ಎಂದೆ. ಅವರು ಆಮೇಲೆ ಬಳಗದವರ ಮುಂದೆಲ್ಲ, "ಕರ ಸತ್ತದ್ದ ನೋಡಿ ಮನಸ ಕರಗೇತಿ, ಭಾಳ ಮೆತ್ತನ ಹುಡುಗಿ" ಎಂದು ಹೇಳಿಕೊಂಡು ತಿರುಗಿದರು. ನಾನು ತಿದ್ದಲು ಹೋಗಲಿಲ್ಲ. ನನ್ನಲ್ಲಿ ಏನೂ ಕರಗಿರಲಿಲ್ಲ. ಆ ಪ್ರಶ್ನೆಯನ್ನು ಹೇಗೂ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಇನ್ನು ಮೇಲೆ ಕೇಳುವವಳು ನಾನಾಗಬೇಕಿತ್ತು.