ಫೆಬ್ರವರಿ ಹನ್ನೊಂದರ ಹಿಮ

ಉತ್ತರದ ಹಿಮನಾಡಿನಲ್ಲಿ ತೇನೋ ನದಿಯ ದಂಡೆಯಲ್ಲಿರುವ ವಿಶ್ವವಿದ್ಯಾಲಯದ ಸಂಶೋಧನಾ ಠಾಣೆಯನ್ನು ಊಲಾ ನೋಡಿಕೊಳ್ಳತೊಡಗಿ ಮೂವತ್ತೆರಡು ವರ್ಷವಾಗಿತ್ತು. ಒಲೆಗೆ ಸೌದೆ, ಹಬೆಸ್ನಾನದ ಸೌನಾಕ್ಕೆ ನೀರು, ಕೆಟ್ಟು ನಿಂತ ಹಿಮಬಂಡಿಗೆ ಬೈಗುಳ, ಎಲ್ಲವೂ ಅವನ ಪಾಲಿನವೇ. ಇವೆಲ್ಲಕ್ಕಿಂತ ದೊಡ್ಡ ಕೆಲಸ ಅಂಗಳದ ಅಳತೆಗೋಲಿನದು. ದಿನಾ ಬೆಳಿಗ್ಗೆ ಎಂಟಕ್ಕೆ ಹಿಮ ಎಷ್ಟು ಸೆಂಟಿಮೀಟರ್ ಇದೆಯೆಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಜ್ವರ ಬಂದರೂ ಸರಿ, ಮಗಳ ಮದುವೆಯಿದ್ದರೂ ಸರಿ.

ಪ್ರತಿ ಮಾರ್ಚ್‌ನಲ್ಲಿ ಹಿಮದ ಪಾಠಕ್ಕೆಂದು ದಕ್ಷಿಣದಿಂದ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬರುವ ಪ್ರೊಫೆಸರ್ ತೆಲ್ಲೆರ್ವೊ ಮೊದಲ ದಿನವೇ ಆ ಪುಸ್ತಕವನ್ನು ಎತ್ತಿ ತೋರಿಸುವಳು. "ಇಷ್ಟು ವರ್ಷದಲ್ಲಿ ಒಂದು ದಿನಾನೂ ಖಾಲಿ ಇಲ್ಲ. ನೀವು ಒಂದು ವಾರ ಬೇಗ ಎದ್ದು ತೋರಿಸಿ ನೋಡೋಣ!" ಆಗೆಲ್ಲ ಊಲಾ ಕಾಫಿ ಪಾತ್ರೆಯತ್ತ ತಿರುಗಿಬಿಡುತ್ತಿದ್ದ. ಪಾಪ, ನಾಚಿಕೆ ಸ್ವಭಾವ ಎಂದು ಎಲ್ಲರೂ ಅಂದುಕೊಂಡಿದ್ದರು.

ಈ ಸಲ ಇಲೋನಾ ಎಂಬ ವಿದ್ಯಾರ್ಥಿನಿ ಅಕ್ಕಪಕ್ಕದ ಊರುಗಳ ಅಂಕಿಗಳನ್ನೂ ಹರಡಿಕೊಂಡು ಕೂತಳು. ಸಂಜೆ ಊಟದ ಮೇಜಿನಲ್ಲಿ ಕೇಳಿಯೇಬಿಟ್ಟಳು.

"ಹನ್ನೊಂದು ವರ್ಷದ ಹಿಂದೆ, ಫೆಬ್ರವರಿ ಹನ್ನೊಂದು. ಸುತ್ತಮುತ್ತ ಎಲ್ಲಾ ಕಡೆ ಇಪ್ಪತ್ತು ಸೆಂಟಿಮೀಟರ್ ಬಿದ್ದಿದೆ. ಇಲ್ಲಿ ಮಾತ್ರ ಹಿಂದಿನ ದಿನದ ಎಪ್ಪತ್ತೊಂದೇ ಇದೆ. ಮಾರನೇ ದಿನ ಒಂದೇ ಸಲ ತೊಂಬತ್ತನಾಲ್ಕು. ಇದ್ಯಾಕೆ ಹೀಗೆ?"

"ಗಾಳಿ," ಎಂದಳು ತೆಲ್ಲೆರ್ವೊ. "ಅವತ್ತು ಕಣಿವೆ ಗಾಳಿ ಹಿಮಾನೆಲ್ಲ ಗುಡಿಸಿಕೊಂಡು ಹೋಗಿ, ಮಾರನೇ ದಿನ ವಾಪಸ್ ತಂದು ಸುರಿದಿರತ್ತೆ. ಊಲಾನ ಕಣ್ಣು ತಪ್ಪಲ್ಲಮ್ಮ. ಒಳ್ಳೇದೇ ಹಿಡಿದಿದೀಯ, ನಿನ್ನ ಪ್ರಬಂಧ ಇದರ ಮೇಲೇ ಬರಿ. ಮುಂದಿನ ವರ್ಷದ ಪಾಠಕ್ಕೂ ಸೇರಿಸೋಣ."

ಹುಡುಗಿ ಖುಷಿಯಿಂದ ಬರೆದುಕೊಳ್ಳತೊಡಗಿದಳು. ಹಿಮಸಾರಂಗದ ಸಾರು ಬಡಿಸುತ್ತಿದ್ದ ಊಲಾನ ಸೌಟು ನಿಂತಿತು. ಸುಳ್ಳು ಪುಸ್ತಕದಲ್ಲಿ ತೆಪ್ಪಗೆ ಬಿದ್ದಿದ್ದರೆ ಹೇಗೋ ಸಹಿಸಬಹುದಿತ್ತು. ಅದೇ ಪಾಠವಾಗಿ ಈ ಮಕ್ಕಳ ತಲೆಗೆ ಹೋಗುವುದೆಂದರೆ? ಬಾಯಿ ಬಿಟ್ಟರೆ ಮೂವತ್ತೆರಡು ವರ್ಷ ಗಳಿಸಿದ ಹೆಸರು ಮಣ್ಣುಪಾಲು. ಅವನಿಗೆ ಹೆದರಿಕೆಯಾಯಿತು.

"ಗಾಳಿ ಅಲ್ಲಮ್ಮ," ಎಂದ. "ಅವತ್ತು ನಾನು ಇಲ್ಲಿರಲೇ ಇಲ್ಲ. ಆಸ್ಪತ್ರೇಲಿದ್ದೆ. ಬೆಳಿಗ್ಗೆ ಏಳೂವರೆಗೆ ಇಂಕಾ ಹೋದಳು, ನನ್ನ ಹೆಂಡತಿ. ಆ ಅಂಕಿ ಆಮೇಲೆ ಬರೆದಿದ್ದು. ಹಿಂದಿನ ದಿನದ್ದು ನೋಡಿಕೊಂಡು, ಸುಮ್ಮನೆ."

ತೆಲ್ಲೆರ್ವೊ ಚಮಚ ಕೆಳಗಿಟ್ಟಳು.

"ನನಗೊಂದು ಮಾತು ಹೇಳಬಾರದಿತ್ತೇನಯ್ಯಾ? ಮಣ್ಣಿಗೂ ಬಂದಿದ್ದೆನಲ್ಲ ನಾನು."

"ಹೌದು, ಬಂದಿದ್ದೆ ನೀನು. ಚರ್ಚಿನ ಬಾಗಿಲಲ್ಲಿ ನನ್ನ ಕೈ ಹಿಡ್ಕೊಂಡು ನೀನೇ ಕೇಳಿದ್ದು, 'ಅಳತೆ ತಪ್ಪಿಲ್ಲ ತಾನೆ?' ಅಂತ. ಇಲ್ಲ ಅಂದುಬಿಟ್ಟೆ. ಆಮೇಲೆ ಇಲ್ಲಿಗೆ ಬಂದು ಬರೆದೆ."

ತೆಲ್ಲೆರ್ವೊಳ ಮುಖ ಕೆಂಪಗಾಯಿತು. ಅವಳಿಗೆ ಆ ಮಾತು ನೆನಪೇ ಇರಲಿಲ್ಲ. ತಾನೇ ಎದ್ದು ಹಳೆಯ ಪುಸ್ತಕ ತಂದು, ಎಪ್ಪತ್ತೊಂದರ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಕಾರಣ ಬರೆಯುವ ಜಾಗಕ್ಕೆ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ.

ಊಲಾ ಕೈ ಒರೆಸಿಕೊಂಡು ಪುಸ್ತಕವನ್ನು ತನ್ನತ್ತ ಎಳೆದುಕೊಂಡ. ಆ ಜಾಗದಲ್ಲಿ 'ಇಂಕಾ' ಎಂದಷ್ಟೇ ಬರೆದ.