ಕನ್ನಡಕದಂಗಡಿಗೆ ಬಂದ ಗಂಡುಗಳು

ಕನ್ನಡಕದಂಗಡಿಯ ಒಡತಿಗೆ ನಲವತ್ತೊಂದು ವರ್ಷ. ಅವಳಕ್ಕ ಈ ವರ್ಷ ಗಿರಾಕಿಗಳ ವೇಷದಲ್ಲಿ ಆರು ಗಂಡುಗಳನ್ನು ಅಂಗಡಿಗೆ ಕಳಿಸಿದ್ದಳು. ಅಕ್ಕನಿಗೆ ಛಲ ಜಾಸ್ತಿ, ಉಪಾಯ ಕಡಿಮೆ. ಆರೂ ಜನ ಕಣ್ಣು ತೋರಿಸಿಕೊಂಡು, ಕನ್ನಡಕ ಕೊಂಡು, ಮದುವೆಯ ಮಾತೆತ್ತುವಷ್ಟರಲ್ಲಿ "ನೆಕ್ಸ್ಟ್" ಎನಿಸಿಕೊಂಡು ಎದ್ದುಹೋದರು. ಸಂಬಂಧ ಒಂದೂ ಕುದುರಲಿಲ್ಲ, ವ್ಯಾಪಾರ ಮಾತ್ರ ಭರ್ಜರಿ.

ಪ್ರೀತಿ, ಪ್ರಣಯ, ಹಾಸಿಗೆ ಯಾವುದೂ ತನಗೆ ಬೇಕೆನಿಸುವುದಿಲ್ಲ ಎಂಬುದು ಅವಳಿಗೆ ಇಪ್ಪತ್ತೆರಡಕ್ಕೇ ಖಚಿತವಾಗಿತ್ತು. ಸುಮ್ಮನೆ ಆದದ್ದಲ್ಲ; ಎರಡು ವರ್ಷ ತನ್ನನ್ನೇ ಕೂರಿಸಿಕೊಂಡು ವಿಚಾರಣೆ ಮಾಡಿ, ಸಿಕ್ಕ ಪುಸ್ತಕವನ್ನೆಲ್ಲ ಓದಿ, ಎರಡೂ ಕಡೆಯ ವಾದ ಕೇಳಿ ಕೊಟ್ಟ ತೀರ್ಪು. ತನ್ನಂಥವರಿಗೆ ಒಂದು ಹೆಸರೂ ಇದೆಯೆಂದು ಆಮೇಲೆ ಓದಿ ಖುಷಿಪಟ್ಟಳು, ಆದರೆ ತೀರ್ಪು ಅವಳದೇ. ಯಾರ ಬಾಯಿಂದಲೂ ಎರವಲು ತಂದದ್ದಲ್ಲ ಎಂಬುದೇ ಅವಳ ಹೆಮ್ಮೆ. ಜನ ಸೊಕ್ಕು ಅಂದರು, ಓದಿ ತಲೆ ಕೆಟ್ಟಿದೆ ಅಂದರು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಎತ್ತಿ ಆಡಿಸಿ ಬೆಳೆಸಿದ ಅಕ್ಕನೇ ನಂಬಲಿಲ್ಲವಲ್ಲ, ಅದನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿರಲಿಲ್ಲ.

ಸೋಮವಾರ ಅಕ್ಕ ಏಳನೆಯವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ನೆಪಕ್ಕೆ ತಾನೇ ಪರೀಕ್ಷೆಯ ಕುರ್ಚಿಯಲ್ಲಿ ಕೂತಳು.

"ನಿನಗೆ ಗೊತ್ತಾಗಲ್ಲ ಕಣೇ. ಮದುವೆ ಆದ್ಮೇಲೆ ಎಲ್ಲಾ ತಾನಾಗೇ ಬರುತ್ತೆ."

ತಂಗಿ ಅಕ್ಕನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಒಂದು ಮಸೂರ ಹಾಕಿ ತೆಗೆದು ಇನ್ನೊಂದು ಹಾಕಿದಳು. "ಮೊದಲನೇದಾ, ಎರಡನೇದಾ?"

"ಮೊದಲನೇದು. ಎರಡನೇದ್ರಲ್ಲಿ ಏನೂ ಕಾಣ್ಸಲ್ಲ."

"ಇಲ್ಲಕ್ಕ, ನಿನಗೆ ಎರಡನೇದೇ ಚೆನ್ನಾಗಿ ಕಾಣ್ಸೋದು."

"ಕಾಣ್ಸಲ್ಲ ಅಂದ್ನಲ್ಲ!"

"ನಿನ್ನ ವಯಸ್ಸಿನೋರಿಗೆಲ್ಲ ಕಾಣುತ್ತೆ. ಹಾಕ್ಕೊಂಡ್ಮೇಲೆ ತಾನಾಗೇ ಬರುತ್ತೆ. ಎರಡನೇದೇ ಬರೀತೀನಿ."

"ಕಣ್ಣು ನಂದೋ ನಿಂದೋ?" ಅಕ್ಕ ರೇಗಿದಳು. "ನನಗೇನು ಕಾಣುತ್ತೆ ಅಂತ ನನಗೆ ಗೊತ್ತಿಲ್ವಾ?"

ತಂಗಿ ಎರಡನೇ ಮಸೂರ ತೆಗೆದು ಒರೆಸತೊಡಗಿದಳು.

ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ತಾನಾಡಿದ ಮಾತು ತನ್ನ ಕಿವಿಗೇ ಬಿದ್ದಿತ್ತು.

"ನಿಜವಾಗ್ಲೂ ಏನೂ ಅನ್ಸಲ್ವೇನೇ?" ಎಂದು ಕೊನೆಗೆ ಕೇಳಿದಳು. ಇಷ್ಟು ವರ್ಷ ಅಕ್ಕ ಹೇಳಿದ್ದೇ ಹೇಳಿದ್ದು. ಕೇಳಿದ್ದು ಇದೇ ಮೊದಲು.

"ಇಲ್ಲಕ್ಕ. ಸುಖವಾಗಿದ್ದೀನಿ."

ಅಕ್ಕ ಚೌಕಟ್ಟು ತೆಗೆಯುವುದನ್ನೂ ಮರೆತು ಬಾಗಿಲಿಗೆ ಹೋಗಿ, ಏಳನೆಯವನಿಗೆ ಹೇಳಿದಳು: "ನೀವು ಬರೀ ಕನ್ನಡಕ ತಗೊಂಡು ಹೋಗಿ."